ನೇರ ಹಿಂದಕ್ಕೆ ಒಂದು ಮನೆ

ಆಗ ನನಗೆ ಒಂಬತ್ತು ವರ್ಷ. ದೇವಲಾಪುರದಲ್ಲಿ ಅಪ್ಪ ಮರಗೆಲಸ ಮಾಡುತ್ತಿದ್ದರು. ಚೆಸ್ ಕಲಿಸಿದ್ದೂ ಅವರೇ. ಕೆಲವೇ ತಿಂಗಳಲ್ಲಿ ನನ್ನನ್ನು ಸೋಲಿಸಲು ಅವರಿಂದ ಆಗದಂತಾಯಿತು. ನಾಗಮಂಗಲದಲ್ಲಿ ಕಾಲೇಜು ಹುಡುಗರ ಎದುರೂ ಗೆದ್ದೆ. ಆಮೇಲೆ ಕೆ.ಆರ್.ಪೇಟೆಯಲ್ಲಿ, ಕೊನೆಗೆ ಇಬ್ಬರು ರಾಜರೂ ಎದುರಾಳಿಯ ಒಂದೇ ಕಾಲಾಳೂ ಉಳಿದಿದ್ದ ಆಟವನ್ನು ಕೈಯಾರೆ ಸೋತೆ. ರಾಜನನ್ನು ಪಕ್ಕಕ್ಕೆ ಸರಿಸಿದ್ದೇ ತಪ್ಪಾಗಿತ್ತು. ಬಸ್ಸಿನಲ್ಲಿ ಊರು ಬರುವ ತನಕ ಅತ್ತೆ.

ಮರುದಿನ ಅಪ್ಪ ಹಲಗೆಯ ಮೇಲೆ ಆ ಮೂರೇ ಕಾಯಿ ಇಟ್ಟರು. "ಅತ್ತಿದ್ದು ಸಾಕು ಕಣವ್ವ. ನಾನು ಕಾಲಾಳು ತಳ್ಕಂಡ್ ಬತ್ತೀನಿ, ನೀನು ತಡಿ." ಅದು ಕೊನೆಯ ಸಾಲು ಮುಟ್ಟಿದರೆ ರಾಣಿಯಾಗುತ್ತದೆ, ಆಟ ಮುಗಿದಂತೆ. ನನ್ನ ರಾಜ ಅದರ ದಾರಿಗೆ ಅಡ್ಡ ನಿಲ್ಲಬೇಕು. ಮಳೆಗಾಲವೆಲ್ಲ ಸಂಜೆ ಹೊತ್ತು ಇದೇ ನಡೆಯಿತು.

ದಸರಾ ರಜೆಯಲ್ಲಿ ಪಾಂಡವಪುರದ ಕಲ್ಯಾಣ ಮಂಟಪವೊಂದರಲ್ಲಿ ದೊಡ್ಡ ಪಂದ್ಯಾವಳಿ. ಅಪ್ಪನಿಗೆ ಕೆಲಸವಿತ್ತು, ಅವ್ವ ಕರೆದುಕೊಂಡು ಬಂದಿದ್ದರು. ಮೂರನೇ ಸುತ್ತಿನಲ್ಲಿ ನನಗೆ ಎದುರಾದವರು ಮೈಸೂರಿನಿಂದ ಬಂದಿದ್ದ ಚೆಸ್ ಮಾಸ್ಟರ್. ತಲೆ ನರೆತಿತ್ತು, ಮಾತು ಮೆದು. ನನ್ನ ಕಾಲು ನೆಲಕ್ಕೆ ಎಟುಕದ್ದನ್ನು ನೋಡಿ ಬೇರೆ ಕುರ್ಚಿ ತರಿಸಿದರು.

ಆಟ ಬಹಳ ಹೊತ್ತು ನಡೆಯಿತು. ಮಿಕ್ಕ ಮೇಜುಗಳೆಲ್ಲ ಖಾಲಿಯಾಗಿ ಜನ ನಮ್ಮ ಸುತ್ತ ಸೇರಿದರು. ಒಬ್ಬರ ಆನೆಯನ್ನು ಇನ್ನೊಬ್ಬರು ಹೊಡೆದ ಮೇಲೆ ಹಲಗೆಯಲ್ಲಿ ಉಳಿದದ್ದು ಇಬ್ಬರು ರಾಜರು ಮತ್ತು ಮಾಸ್ಟರ್ ಅವರ ಒಂದು ಕಾಲಾಳು.

"ಸೋಲೊಪ್ಕಬುಡವ್ವ, ಮಾಸ್ಟರ್ ಮುಂದೆ ಇಷ್ಟು ಆಡಿದ್ದೇ ಎಚ್ಚು," ಎಂದು ಯಾರೋ ಹಿಂದಿನಿಂದ ಅಂದರು. ತೀರ್ಪುಗಾರರು ಗದರಿ ಅವರನ್ನು ಸುಮ್ಮನಾಗಿಸಿದರು.

ಮಾಸ್ಟರ್ ಕಾಲಾಳನ್ನು ಇನ್ನೊಂದು ಮನೆ ಮುಂದೆ ತಳ್ಳಿದರು. ಈಗ ಅದಕ್ಕೂ ನನ್ನ ರಾಜನಿಗೂ ಮಧ್ಯೆ ಜಾಗವೇ ಇಲ್ಲ. ರಾಜ ಸರಿಯಲೇಬೇಕು. ಎಡಕ್ಕೆ ಓರೆಯಾಗಿ ಹೋದರೆ ಅವರ ರಾಜನನ್ನು ತಡೆಯಬಹುದು ಅನ್ನಿಸಿತು. ಕೈ ಅತ್ತಲೇ ಹೊರಟಿತು. ಗಡಿಯಾರದಲ್ಲಿ ಹೊತ್ತು ಸೋರುತ್ತಿತ್ತು. ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಮನಸ್ಸಿನಲ್ಲೇ ಆಡಿ ನೋಡಿದೆ. ಎಡಕ್ಕೆ ಹೋದರೆ ಸೋಲು. ಬಲಕ್ಕೆ ಹೋದರೂ ಸೋಲು. ಮತ್ತೊಮ್ಮೆ ನೋಡಿದೆ. ಕಾಲಾಳಿನ ದಾರಿ ಬಿಡಬಾರದು ಅಂದುಕೊಂಡು ರಾಜನನ್ನು ನೇರ ಹಿಂದಕ್ಕೆ ಒಂದು ಮನೆ ಇಟ್ಟೆ.

ಮಾಸ್ಟರ್ ನನ್ನ ಮುಖ ನೋಡಿದರು. ಅವರ ರಾಜ ಪಕ್ಕದಿಂದ ಮೇಲೆ ಬಂತು, ನನ್ನದು ಅದರೆದುರಿಗೆ ಸರಿಯಿತು. ಕಾಲಾಳು ಕೊನೆಯ ಸಾಲಿಗೆ ಒಂದು ಮನೆ ದೂರದಲ್ಲಿ ನಿಂತು ನನ್ನ ರಾಜನಿಗೆ ಚೆಕ್ ಕೊಟ್ಟಿತು. ನಾನು ಮತ್ತೆ ಅದರ ಮುಂದೆ ಹೋಗಿ ನಿಂತೆ. ಕಾಲಾಳನ್ನು ಉಳಿಸಿಕೊಳ್ಳಲು ಅವರ ರಾಜ ಅದರ ಬೆನ್ನಿಗೆ ಬರಲೇಬೇಕಾಯಿತು. ಈಗ ನನ್ನ ರಾಜನಿಗೆ ಚೆಕ್ ಇಲ್ಲ, ಹೋಗಲು ಮನೆಯೂ ಇಲ್ಲ. ಹಾಗಾದರೆ ನಿಯಮದಂತೆ ಆಟ ಡ್ರಾ, ಇಬ್ಬರೂ ಸಮ.

ಅವರು ಎದ್ದು ನಿಂತು ಕೈ ಕೊಟ್ಟರು. "ಯಾರು ಹೇಳಿಕೊಟ್ಟರು ಮಗು?"

"ನಮ್ಮಪ್ಪ."

"ನನಗೆ ಇದು ಗೊತ್ತಾಗುವ ಹೊತ್ತಿಗೆ ಮೀಸೆ ಬಂದಿತ್ತು," ಎಂದು ನಕ್ಕರು.

ಹೊರಗೆ ಅವ್ವ ಊಟದ ಡಬ್ಬಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದರು.

"ಗೆದ್ಯಾ?"

"ಇಲ್ಲ ಕಣವ್ವ."

"ಸೋತ್ಯಾ?"

"ಅದೂ ಇಲ್ಲ."

"ಇಷ್ಟೊತ್ತು ಒಳಗೆ ಏನ್ ಮಾಡ್ತಿದ್ದೆ ಮತ್ತೆ? ಅನ್ನ ತಣ್ಗಾಗೋಯ್ತು."

ಅಲ್ಲೇ ಕೂತು ಇಬ್ಬರೂ ಉಂಡೆವು. ಮುಂದಿನ ಸುತ್ತಿನಲ್ಲಿ ಶ್ರೀರಂಗಪಟ್ಟಣದ ಹುಡುಗಿಯೊಬ್ಬಳು ನನ್ನನ್ನು ಬೇಗನೇ ಸೋಲಿಸಿದಳು. ಈ ಸಲ ಬಸ್ಸಿನಲ್ಲಿ ನಾನು ಅಳಲಿಲ್ಲ. ಕಿಟಕಿ ಪಕ್ಕ ಕೂತು, ಅವಳ ಕುದುರೆ ನನ್ನನ್ನು ಎಲ್ಲಿ ಸಿಕ್ಕಿಸಿತು ಎಂದು ಮೊದಲ ನಡೆಯಿಂದ ಮತ್ತೆ ಆಡತೊಡಗಿದೆ.