ಗುಡಿಸದೆ ಬಿಟ್ಟ ಕೋಣೆ

ಮರೆತ ಕೊಡೆಗಾಗಿ ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದೆ. ಸವದತ್ತಿಯಲ್ಲಿ ನಾನು ಬಾಡಿಗೆಗಿದ್ದ, ಆಗಷ್ಟೇ ಖಾಲಿ ಮಾಡಿದ್ದ ಕೋಣೆಯ ತುಂಬ ಹರಿದ ಕಾಗದ, ಹಗ್ಗದ ತುಂಡು. ಒಂದು ಕಡ್ಡಿ ಬಿದ್ದಿದ್ದರೂ ನನ್ನನ್ನು ಬೈಯುತ್ತಿದ್ದ ಮನೆಯೊಡತಿ ಗಂಗವ್ವ ಬಾಗಿಲಲ್ಲಿ ಸುಮ್ಮನೆ ಕುಂತಿದ್ದರು. ನಾಚಿಕೆಯಾಗಿ, ಮೂಲೆಯಲ್ಲಿದ್ದ ಕಸಬರಿಗೆಗೆ ನಾನೇ ಕೈ ಹಾಕಿದೆ.

“ಬಿಡ್ರಿ ಅದನ್ನ. ಮಂದಿ ಹೋದ ಬೆನ್ನಿಗೇ ಕಸಾ ಹೊಡಿಯೂದು ಹೆಣಾ ಎತ್ತಿದ ಮನ್ಯಾಗ. ನೀವು ಊರು ಮುಟ್ಟೂತನಾ ಇದು ಹಿಂಗ ಇರಲಿ,” ಅಂದರು.

ಅವರಿಗೆ ಕಸ ಕಂಡರೆ ಎಷ್ಟು ಸಂಕಟವೆಂದು ನನಗೆ ಗೊತ್ತಿತ್ತು. ದಾರಿಯುದ್ದಕ್ಕೂ ಆ ಕೋಣೆಯೇ ಕಣ್ಣ ಮುಂದೆ.

ಸಂಜೆ ನಮ್ಮೂರು ರಾಮದುರ್ಗದಲ್ಲಿ ಇಳಿದವನೇ ಅವರ ಪಕ್ಕದ ಅಂಗಡಿಗೆ ಫೋನ್ ಹಚ್ಚಿದೆ: “ಗಂಗವ್ವಗ ಹೇಳ್ರಿ, ನಾ ಮುಟ್ಟೇನಿ. ಇನ್ನ ಕಸಾ ಹೊಡೀಲಿ.” ಈಗಲೂ ಎಲ್ಲಿಗೆ ಹೋದರೂ ನಮ್ಮ ಮನೆಗೆ ಮಾಡುವ ಮೊದಲ ಫೋನಿನಲ್ಲಿ ಅದೇ ಮಾತು.