ಕಂಡಕ್ಟರ್ ಕಾಕಾರ ಡಬ್ಬಿಯ ಮುದುಕಿ

ಕಂಡಕ್ಟರ್ ಕಾಕಾರ ಬಲಗೈ ಹೆಬ್ಬೆರಳು ಕರದಂಟಿನ ತುಂಡಿನಷ್ಟು ದಪ್ಪವಿತ್ತು. ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ಹರಿದು ಅದು ಎಷ್ಟು ಹೊರಕ್ಕೆ ಬಾಗಿತ್ತೆಂದರೆ, ಕಾಕಾ ಎಡಕ್ಕೆ ಹೊರಟರೂ ಅದೊಂದೇ ಬಲಕ್ಕೆ ಹೊರಟಂತೆ ಕಾಣುತ್ತಿತ್ತು.

ರಿಟೈರ್ ಆದ ಮೇಲೆ ರವಿವಾರ ಮಧ್ಯಾಹ್ನ ಗೋಕಾಕದ ತಮ್ಮ ಮನೆಕಟ್ಟೆಯ ಮೇಲೆ ನಮಗೆ ಆಟ ಆಡಿಸುತ್ತಿದ್ದರು. ರಾಜರ ಕಾಲದ ಆಟ. ನಾವು ನಾಲ್ವರು ಗೆಳೆಯರು ಮೂಡಲಗಿಯಿಂದ ಹುಕ್ಕೇರಿಗೆ ನಡೆದು ಹೊರಟ ಪ್ರಯಾಣಿಕರು. ನಾನು ಖಡ್ಗವೀರ. ಖಡ್ಗದ ಹಿಡಿಕೆ ಗೋಕಾಕದಲ್ಲಿದ್ದರೆ ತುದಿ ಹಿಡಕಲ್ ಡ್ಯಾಮಿನಲ್ಲಿ! ದಾರಿಯಲ್ಲಿ ಯಾರು ಎದುರಾಗುತ್ತಾರೆಂಬುದು ಕಾಕಾರ ತಗಡಿನ ಡಬ್ಬಿಯ ಚೀಟಿಗಳಲ್ಲಿತ್ತು. ನಾವು ಚೀಟಿ ಎತ್ತಿ ಮಡಚಿದಂತೆಯೇ ಕೊಡಬೇಕು, ಓದುವವರು ಅವರೊಬ್ಬರೇ. ಎದುರಾದವರ ಬಳಿ ನಿಲ್ಲುವುದಾದರೆ ‘ಹೋಲ್ಡಾನ್’, ದಾಟಿ ಹೋಗುವುದಾದರೆ ‘ರೈಟ್’ ಅನ್ನಬೇಕು.

ದರೋಡೆಕೋರ ಬರುತ್ತಿದ್ದ, ಮಾತಾಡುವ ತೋಳ ಬರುತ್ತಿತ್ತು. ಆದರೆ ಪ್ರತಿ ವಾರ ಒಮ್ಮೆ ಕಾಕಾ ಬಿಚ್ಚಿದ ಚೀಟಿಯನ್ನು ಮತ್ತೆ ಮಡಚಿಬಿಡುತ್ತಿದ್ದರು. ಕಟ್ಟೆಯ ಕೆಳಗಿನ ಕೋಳಿ ಕೆದರುವುದನ್ನು ನಿಲ್ಲಿಸುತ್ತಿತ್ತು. ಆಟದಲ್ಲಿ ಇನ್ನೂ ಮೂಡಲಗಿ ದಾಟಿರದಿದ್ದರೂ ಕೊಣ್ಣೂರ ಬಂದುಬಿಡುತ್ತಿತ್ತು.

“ಕೊಣ್ಣೂರ ತಿರುವು. ಎರಡೂ ಬಾಜೂ ಕಬ್ಬು. ಗಾಳಿ ಇಲ್ಲ, ಆದ್ರೂ ಕಬ್ಬು ಅಳ್ಳಾಡಾಕತ್ತೈತಿ. ಒಬ್ಬಾಕಿ ಮುದುಕಿ ಕೈ ಎತ್ತ್ಯಾಳ. ಮುಖದ ತುಂಬ ಸೆರಗು. ಏನ್ ಮಾಡ್ತೀರಿ?”

“ರೈಟ್! ರೈಟ್!” ನಾಲ್ವರೂ ಒದರುತ್ತಿದ್ದೆವು.

“ನಡೀರಿ ಹಂಗಾದ್ರ. ಒಮ್ಮಿ ಹಿಂದ ತಿರುಗಿ ನೋಡ್ರಿ. ಕೈ ಇನ್ನೂ ಇಳಿಸಿಲ್ಲ.”

ಒಂದು ದಿನ ನಾನು ಹಲ್ಲು ಕಿರಿದೆ. “ಕಾಕಾ, ಈಕಿಗಿ ಪಾಸ್ ಮಾಡ್ಸಿ ಕೊಟ್ಟೀರೇನ್ರಿ? ವಾರಾ ವಾರಾ ಬರ್ತಾಳ!”

ಕಾಕಾ ನಗಲಿಲ್ಲ. “ಆಕಿ ಖರೇನ ಇದ್ಲೋ ತಮ್ಮಾ. ಉರಿ ಬಿಸಲು. ಗಾಡಿ ತುಂಬಿತ್ತು. ಡ್ರೈವರ್ ನಿಧಾನ ಮಾಡಿದ, ನಾನ ರೈಟ್ ಅಂದೆ. ಸಂಜಿಕ ತಿರುಗಿ ಬರೂದ್ರಾಗ ಆಕಿ ಮ್ಯಾಲ ಚಾದರ ಹೊಚ್ಚಿದ್ರು.”

ಈ ಚಳಿಗಾಲ ಕಾಕಾ ಹಾಸಿಗೆ ಹಿಡಿದರು. ಕೊನೆಯ ಆಟ ಮಂಚದ ಪಕ್ಕದಲ್ಲೇ ನಡೆಯಿತು. ಹುಕ್ಕೇರಿ ಮುಟ್ಟಲು ಒಂದೇ ಚೀಟಿ ಬಾಕಿ. ನಾನು ಎತ್ತಿ ಕೊಟ್ಟೆ. ಅವರು ಬಾಗಿದ ಹೆಬ್ಬೆರಳಿನಿಂದ ಬಿಚ್ಚಿ ಓದಿ, ದಿಂಬಿನ ಕೆಳಗೆ ತೂರಿಸಿದರು.

“ಆಕಿನ ಬಂದ್ಲು,” ಎಂದರು.

ಜೋಕು ಹೊಡೆಯಲೆಂದೇ ಬಾಯಿ ತೆರೆದಿದ್ದೆ. ಹೊರಬಂದದ್ದು, “ಹೋಲ್ಡಾನ್.”

ಕಾಕಾ ಕಣ್ಣು ಮುಚ್ಚಿದರು. “ಏನಂತಿ ಆಕಿಗಿ?”

“ಬಾ ಆಯಿ. ಮೊದ್ಲ ಬೆಲ್ಲ ತಿಂದು ನೀರ ಕುಡಿ. ಎಲ್ಲಿಗಿ ಅನ್ನೂದು ಆಮ್ಯಾಲ ಹೇಳೀಯಂತ.”

ಕಾಕಾ ಮಂಚದ ಮೇಲೆ ತುಸು ಸರಿದು ಜಾಗ ಮಾಡಿ ಅಂದರು: “ಹತ್ತಿದ್ಲು. ಈಗ ರೈಟ್ ಅನ್ನಪಾ.”

ಅಂದೆ. ಮೂರನೇ ದಿನ ಕಾಕಾ ಹೋದರು.

ಕಾಕಾರ ಹೆಂಡತಿ ಕಾಕು ಡಬ್ಬಿಯನ್ನು ನನಗೇ ಕೊಟ್ಟರು. ಎಲ್ಲ ಚೀಟಿ ಬಿಚ್ಚಿ ನೋಡಿದೆ. ದರೋಡೆಕೋರನಿದ್ದ, ತೋಳವಿತ್ತು, ಮುದುಕಿ ಒಂದರಲ್ಲೂ ಇರಲಿಲ್ಲ. ಅಂದು ನಾನು ಎತ್ತಿದ್ದ ಚೀಟಿ ದಿಂಬಿನ ಕೆಳಗೆ ಸಿಕ್ಕಿತಂತೆ. ಅದರಲ್ಲಿ ಬರೆದಿದ್ದು ‘ಹುಕ್ಕೇರಿ ಬಂತು’ ಎಂದಷ್ಟೇ.

ಈಗ ಉಳಿದ ಮೂವರಿಗೆ ನಾನೇ ಆಟ ಆಡಿಸುತ್ತೇನೆ. ಕಳೆದ ರವಿವಾರ ಒಬ್ಬ ಎತ್ತಿಕೊಟ್ಟ ಚೀಟಿ ಬಿಚ್ಚಿದೆ. ‘ತೋಳ’ ಎಂದಿತ್ತು. ನನ್ನ ಬಾಯಿ ಮಾತ್ರ ಬೇರೆಯೇ ಓದಿತು:

“ಕೊಣ್ಣೂರ ತಿರುವು. ಒಬ್ಬಾಂವ ಮುದುಕ ಕೈ ಎತ್ತ್ಯಾನ. ಹೆಬ್ಬಟ್ಟು ಹೊರಗ ಬಾಗೈತಿ. ಏನ್ ಮಾಡ್ತೀರಿ?”

ಯಾರೂ ‘ರೈಟ್’ ಅನ್ನಲಿಲ್ಲ.