ಈಗಲ್ಲಕ್ಕನ ಕಣ್ಣಿಗೆ ಔಷಧ

ಕಣ್ಣಾಸ್ಪತ್ರೆಯ ಆಪರೇಷನ್ ಕೋಣೆಯ ಹಿರಿಯ ನರ್ಸಿಗೆ ‘ಈಗಲ್ಲಕ್ಕ’ ಎಂಬ ಅಡ್ಡಹೆಸರು ಬಿದ್ದದ್ದು ಒಂದು ಔಷಧದಿಂದ. ಪೊರೆ ತೆಗೆಯುವ ಮುಂಚೆ ಹನಿ ಹಾಕಿ ಕಣ್ಣಿನ ಪಾಪೆ ಹಿಗ್ಗಿಸುತ್ತಾರೆ. ಹೊಸ ಮಸೂರ ಕೂರಿಸಿದ ಮೇಲೆ ಕೆಲವರಿಗೆ ಬೇರೊಂದು ಔಷಧ ಬಿಟ್ಟು ಅದನ್ನು ಕುಗ್ಗಿಸುತ್ತಾರೆ. ಈ ಎರಡನೆಯದು ಒಂದೇ ಪುಟ್ಟ ಸೀಸೆಯಲ್ಲಿ ಪುಡಿ ಕೆಳಗೆ, ನೀರು ಮೇಲೆ ಇದ್ದು ಬರುತ್ತದೆ. ಬಿರಡೆ ಒತ್ತಿದರೆ ನಡುವಿನ ತಡೆ ‘ಟಪ್’ ಎಂದು ಕಳಚಿ ಎರಡೂ ಕೂಡುತ್ತವೆ. ಕೂಡಿದ ಕೂಡಲೇ ಬಳಸಬೇಕು. ಇಟ್ಟುಕೊಂಡು ಕೂತರೆ ಸತ್ವ ಹೋಯಿತು, ಉಳಿದದ್ದು ಬರೀ ನೀರು.

“ಕಲಸಿದ್ರಾ ಸಿಸ್ಟರ್?” ಎಂದು ಡಾಕ್ಟರು ಅವಸರಪಟ್ಟಾಗಲೆಲ್ಲ ಆಕೆಯದು ಒಂದೇ ಉತ್ತರ: “ಈಗಲ್ಲ.”

ಒಮ್ಮೆ ಉಳಿತಾಯದ ಹುಚ್ಚು ಹತ್ತಿದ ಮೇಲ್ವಿಚಾರಕನೊಬ್ಬ, ಬೆಳಿಗ್ಗೆಯೇ ಒಂದು ಸೀಸೆ ಕಲಸಿಟ್ಟು ಸಾಲಿನ ರೋಗಿಗಳಿಗೆಲ್ಲ ಬಿಡಿ ಎಂದು ಹುಕುಂ ಹೊರಡಿಸಿದ. ಈಗಲ್ಲಕ್ಕ ಅವನ ಕಣ್ಣೆದುರೇ ಆ ಸೀಸೆಯನ್ನು ಸಿಂಕಿಗೆ ಸುರಿದಳು.

“ನಿಮ್ಮಮ್ಮನ ಕಣ್ಣಿಗೆ ಇದನ್ನೇ ಬಿಡ್ತೀರೇನ್ರೀ?”

ಅಮಾನತು ಮಾಡಿದರು. ಆಯಾಗಳು, ಕಸ ಗುಡಿಸುವವರು, ಬಟ್ಟೆ ಒಗೆಯುವವರು ಕೆಲಸ ಬಿಟ್ಟು ಗೇಟಿನೆದುರು ಕೂತರು. ಸಂಜೆಯೊಳಗೆ ಹುಕುಂ ಬಾಲ ಮುದುರಿಕೊಂಡು ವಾಪಸಾಯಿತು. ಗೆದ್ದವಳು ಭಾಷಣ ಬಿಗಿಯಲಿಲ್ಲ. ಮರುದಿನದ ಕತ್ತರಿಗಳನ್ನು ಕುದಿಸಲು ಒಳಗೆ ಹೋದಳು.

ಅಂಥವಳ ಬಲಗಣ್ಣಿಗೇ ಪೊರೆ ಬಂತು. ಎಡಗಣ್ಣು ಹುಟ್ಟಿದಾರಭ್ಯ ಮಂಜು. ಮನೆಯಲ್ಲಿ ಚಹಾಕ್ಕೆ ಸಕ್ಕರೆ ಅಂತ ಉಪ್ಪು ಹಾಕಿದಳು. ಬೀಗ ರಿಪೇರಿ ಮಾಡುವ ಗಂಡ ಅದನ್ನೂ ಕುಡಿದು, “ಪರವಾಗಿಲ್ಲ ಕಣೇ, ನಾಳೆ ಮೆಣಸಿನಪುಡಿನೂ ನೋಡೋಣ” ಅಂದ. ಆಕೆಗೆ ನಗು ಬರಲಿಲ್ಲ. ಆ ವಾರವೇ ಹೊಲಿಗೆ ಸೂಜಿಗೆ ದಾರ ಪೋಣಿಸಲಾಗದೆ ತಾನಾಗಿಯೇ ಆಪರೇಷನ್ ಕೋಣೆಯ ಕೆಲಸ ಬಿಟ್ಟು ಹೊರಬಂದಳು. ಸೂಜಿಯ ಕಣ್ಣು ಕಾಣದವಳು ಮನುಷ್ಯರ ಕಣ್ಣಿನ ಹತ್ತಿರ ನಿಲ್ಲಬಾರದು ಎಂಬುದು ಅವಳದೇ ಕಟ್ಟುಪಾಡು. ತನ್ನ ಕಣ್ಣಿನ ಆಪರೇಷನ್ ಕೈಕೊಟ್ಟರೆ ಆಕೆಗೆ ಉಳಿದದ್ದು ಹೊರಗೆ ಚೀಟಿ ಹರಿದುಕೊಡುವ ಕಿಟಕಿಯ ಕೆಲಸ.

ಇಷ್ಟು ದಿನ ತಾನು ಪಕ್ಕದಲ್ಲಿ ನಿಲ್ಲುತ್ತಿದ್ದ ಆಪರೇಷನ್ ಮೇಜಿನ ಮೇಲೆಯೇ ಆಕೆ ಮಲಗಿದಳು. ಸಲಕರಣೆ ಕೊಡಲು ನಿಂತವಳು ಆಕೆಯೇ ತಿದ್ದಿ ತೀಡಿದ ಹುಡುಗಿ. ಮುಖಕ್ಕೆ ಬಟ್ಟೆ ಹೊದಿಸಿದರು. ಮಾತಾಡಿದರೆ ತಲೆ ಅಲುಗುತ್ತದೆ, ಹಾಗಾಗಿ ಬಾಯಿಗೆ ಬೀಗ. ನೋವಾದರೆ ಒತ್ತಲಿ ಅಂತ ಆಯಾ ಕೈ ಹಿಡಿದು ಕೂತಿದ್ದಳು.

ಪೊರೆ ಒಡೆದು ತೆಗೆಯುವ ಯಂತ್ರದ ಸದ್ದು ಇನ್ನೂ ನಿಂತಿರಲಿಲ್ಲ. ಬಟ್ಟೆಯಡಿ ಆಕೆಗೆ ಕೇಳಿಸಿತು: ಟಪ್.

ಮಸೂರವೇ ಒಳಗೆ ಹೋಗಿಲ್ಲ, ಆಗಲೇ ಕಲಸಿಬಿಟ್ಟಿದ್ದಾಳೆ! ಬಾಯಿ ತೆರೆಯುವ ಹಾಗಿಲ್ಲ, ಕಣ್ಣೊಳಗೆ ಯಂತ್ರದ ಮೊನೆಯಿದೆ. ಈಗಲ್ಲಕ್ಕ ಆಯಾಳ ಕೈಯನ್ನು ಹಿಂಡಿದಳು.

“ಅಯ್ಯೋ, ಬೆರಳು ಮುರೀತಾಳೆ! ನಿಲ್ಸಿ ಡಾಕ್ಟ್ರೇ!” ಎಂದಳು ಆಯಾ.

ಡಾಕ್ಟರು ಮೊನೆಯನ್ನು ಹೊರಗೆ ತೆಗೆದರು. “ನೋವಾ ಸಿಸ್ಟರ್? ಈಗ ಹೇಳಿ.”

“ನೋವಲ್ಲ. ಸೀಸೆ.”

ಬಟ್ಟೆಯಾಚೆಯಿಂದ ಹುಡುಗಿಯ ದನಿ ಬಂತು.

“ನಿಮ್ ಕಣ್ಣು ಅಂತ ಗಾಬರಿಯಾಗಿ ಮೊದ್ಲೇ ಒತ್ಬಿಟ್ಟೆ ಅಕ್ಕ. ಆಗ್ಲೇ ಕಸದ ಬುಟ್ಟಿಗೆ ಹಾಕಾಯ್ತು. ಹೊಸ ಸೀಸೆ ಇನ್ನೊಂದಿದೆ, ಮುಟ್ಟಿಲ್ಲ. ಇವತ್ತು ನೀವು ಪೇಶೆಂಟು. ಬಾಯ್ಮುಚ್ಕೊಂಡು ಮಲ್ಕೊಳ್ಳಿ.”

ಹಿಂಡಿದ್ದ ಕೈ ಸಡಿಲವಾಯಿತು. ಯಂತ್ರ ಮತ್ತೆ ಗುಯ್‌ಗುಟ್ಟಿ ನಿಂತಿತು. ಮಸೂರ ಒಳಗೆ ಹೋಗಿ ಬಿಚ್ಚಿಕೊಳ್ಳುತ್ತಿದ್ದಾಗ ಡಾಕ್ಟರು ಅಭ್ಯಾಸದಂತೆ ಹುಡುಗಿಯನ್ನು ಕೇಳಿದರು, “ಕಲಸಿದ್ಯೇನಮ್ಮಾ?”

“ಈಗಲ್ಲ.”

ಮಸೂರ ನೆಟ್ಟಗೆ ಕೂತಿತು. ಆಗ ಟಪ್ ಎಂದಿತು. ಔಷಧ ಬಿದ್ದದ್ದೇ ತಡ, ದಾರ ಎಳೆದ ಚೀಲದ ಬಾಯಿಯಂತೆ ಪಾಪೆ ಗುಂಡಗೆ ಕುಗ್ಗಿತು.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದವಳೂ ಆ ಹುಡುಗಿಯೇ. ಈಗಲ್ಲಕ್ಕ ಕಣ್ಣು ಮಿಟುಕಿಸಿ, ಅವಳ ಕೈ ಹಿಡಿದು ತಿರುಗಿಸಿ ನೋಡಿದಳು.

“ಉಗುರು ಬೆಳೆದಿದೆ.”

ಹುಡುಗಿ ಬಗ್ಗಿ ನೋಡಿದಳು. ಕಿರುಬೆರಳಿನಲ್ಲಿ ಕೂದಲೆಳೆಯಷ್ಟು.

“ಇಷ್ಟೂ ಕಾಣ್ಸುತ್ತಾ ಅಕ್ಕ?”

“ಕಾಣ್ಸುತ್ತೆ. ಕತ್ತರಿಸ್ಕೊಂಡು ಬಾ. ನಾನು ಬರೋವರೆಗೂ ಆ ಮೇಜು ನಿಂದು.”